ಹಿಮದ ಇಳಿಜಾರಿನಲ್ಲಿ ಜೊತೆಗಾರರು

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಚೆನ್ನೈಯ ಸೆಖೆಯಲ್ಲಿ ಫ್ಯಾನಿನ ಕೆಳಗೆ ಕುಳಿತು ಹಿಮದ ಮಾತು ಕೇಳುವುದು ನಿಮ್ಮಲ್ಲಿ ಕೆಲವರಿಗೆ ತಮಾಷೆಯಾಗಿ ತೋರಬಹುದು. ಆದರೆ ನಮ್ಮ ಸಂಘದ ನಾಲ್ವರು ತರುಣರು ಬರುವ ಜನವರಿಯಲ್ಲಿ ರಜೆ ಕೂಡಿಸಿಕೊಂಡು ಕಾಶ್ಮೀರದ ಗುಲ್ಮಾರ್ಗಿಗೆ ಸ್ಕೀ ಆಡಲು ಹೊರಟಿದ್ದಾರೆ. ಹಿಂದೆ ಒಮ್ಮೆ ಅಲ್ಲಿಗೆ ಹೋಗಿ ಬಂದವನು ಇಲ್ಲಿ ನಾನೊಬ್ಬನೇ ಆದುದರಿಂದ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ.

ಸ್ಕೀ ಎಂದರೆ ಆಳುದ್ದದ ಎರಡು ಹಲಗೆಗಳನ್ನು ಬೂಟಿಗೆ ಬಿಗಿದುಕೊಂಡು ಹಿಮದ ಮೇಲೆ ಜಾರುವ ಆಟ. ಅದು ಪರದೇಶದ ಧನಿಕರ ವಿನೋದ, ಗಿರಣಿಯ ಗುಮಾಸ್ತನಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಗುಲ್ಮಾರ್ಗಿನಲ್ಲಿ 1927ರಲ್ಲಿ ಸ್ಕೀ ಕ್ಲಬ್ಬು ತೆರೆದವರು ಆಂಗ್ಲರೇ, ನಿಜ. ಆದರೆ 1948ರ ಡಿಸೆಂಬರಿನಲ್ಲಿ, ಯುದ್ಧ ಇನ್ನೂ ಮುಗಿಯದಿರುವಾಗ, ಅದೇ ಗುಲ್ಮಾರ್ಗಿನಲ್ಲಿ ನಮ್ಮ ಸೈನಿಕರಿಗಾಗಿ ಸ್ಕೀ ಶಾಲೆ ತೆರೆದವರು ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯನವರು. ಆಗ ಅವರು ಕಾಶ್ಮೀರದಲ್ಲಿದ್ದ 19ನೆಯ ಡಿವಿಜನ್ನಿನ ದಳಪತಿ. ಮುಂದೆ, 1957ರಿಂದ 1961ರವರೆಗೆ, ಭೂಸೇನೆಯ ಮುಖ್ಯಸ್ಥರು. ಆ ಸಣ್ಣ ಶಾಲೆಯೇ ಬೆಳೆದು ಇಂದಿನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಗಿದೆ. 2024ರ ಫೆಬ್ರುವರಿಯಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕೊಡಗಿನ ಹೆಣ್ಣುಮಗಳು ತೆಕ್ಕಡ ಭವಾನಿ ಅದೇ ಗುಲ್ಮಾರ್ಗಿನ ಹಿಮದ ಮೇಲೆ ಮೂರು ಚಿನ್ನ ಗೆದ್ದರು. ಹಿಮವನ್ನೇ ಕಾಣದ ಕರ್ನಾಟಕ ಆ ವರ್ಷ ಪದಕಗಳಲ್ಲಿ ಸೈನ್ಯದ ತಂಡದ ಹಿಂದೆಯೇ ನಿಂತಿತು. ಆದಕಾರಣ ಸಂಬಂಧದ ಪ್ರಶ್ನೆಯನ್ನು ಇಲ್ಲಿಗೇ ಬಿಡೋಣ.

ಭವಾನಿಯವರದು ಏರುತಗ್ಗುಗಳ ಮೇಲೆ ಕೈಕಾಲುಗಳ ಬಲದಿಂದಲೇ ಮೈಲಿಗಟ್ಟಲೆ ಸಾಗುವ ಓಟ. ನಮ್ಮ ತರುಣರ ಕಣ್ಣು ಬಿದ್ದಿರುವುದು ಬೇರೆ ಕಡೆಗೆ: ಅಫರ್ವತ್ ಬೆಟ್ಟದ ಕಡಿದಾದ ಇಳಿಜಾರಿಗೆ. ಗುಲ್ಮಾರ್ಗಿನ ಬಯಲೇ ಸುಮಾರು 8,700 ಅಡಿ ಎತ್ತರದಲ್ಲಿದೆ. ನಮ್ಮ ಊಟಿಯ ದೊಡ್ಡಬೆಟ್ಟದ ನೆತ್ತಿ ಅಷ್ಟೇ. ಅಲ್ಲಿಂದ ಹಗ್ಗದ ಮೇಲೆ ತೂಗುವ ಗೊಂಡೋಲಾ ಡಬ್ಬಿಗಳು ಮೊದಲು ಕೊಂಗ್ಡೂರಿಗೆ, ಆಮೇಲೆ ಸುಮಾರು 13,000 ಅಡಿಯವರೆಗೆ ಒಯ್ಯುತ್ತವೆ. ಕೆಳಗಿನ ಹಂತ 1998ರಲ್ಲಿ, ಮೇಲಿನದು 2005ರಲ್ಲಿ ಆರಂಭವಾಯಿತು. ಹಿಂದೆ ಆ ಎತ್ತರ ಏರಲು ದಿನವೆಲ್ಲ ಬೆವರು ಸುರಿಸಬೇಕಿತ್ತು. ಏರುವಾಗಲೇ ಬೆಟ್ಟದ ಪರಿಚಯವಾಗುತ್ತಿತ್ತು. ಈಗ ಟಿಕೇಟು ಕೊಂಡವನು ಕೂತಲ್ಲೇ ಏರಿಬಿಡುತ್ತಾನೆ.

ಹೊಸಬರು ಬೀಳುವುದಕ್ಕೆ ಹೆದರುತ್ತಾರೆ. ಬಿದ್ದರೆ ಮೊಣಕಾಲು ಉಳುಕೀತು, ಮೂಳೆ ಮುರಿದೀತು, ಅದು ಇದ್ದದ್ದೇ. ನಿಜವಾಗಿ ಹೆದರಬೇಕಾದುದು ಹಿಮಕುಸಿತಕ್ಕೆ. ಅದರ ಬಗೆಯನ್ನು ಮನೆಯ ಅಡಿಗೆಮನೆಯಲ್ಲೇ ನೋಡಬಹುದು. ತಟ್ಟೆಯಲ್ಲಿ ಸಕ್ಕರೆ ಹರವಿ, ಅದರ ಮೇಲೆ ಒಂದು ಗರಿ ದೋಸೆ ಇಟ್ಟು, ತಟ್ಟೆಯನ್ನು ನಿಧಾನವಾಗಿ ಓರೆ ಮಾಡಿ. ಒಂದು ಹಂತದವರೆಗೆ ಏನೂ ಆಗದು. ಆಮೇಲೆ ದೋಸೆ ಇಡಿಯಾಗಿ ಜಾರುತ್ತದೆ. ಬೆಟ್ಟದ ಹಿಮವೂ ಹೀಗೆಯೇ ಪದರ ಪದರ. ಅಡಿಯಲ್ಲಿ ಸಕ್ಕರೆಯಂಥ ಸಡಿಲ ಪದರವಿದ್ದು, ಮೇಲೆ ಹೊಸ ಹಿಮ ಗಾಳಿಗೆ ಗಟ್ಟಿಯಾಗಿ ಹಲಗೆಯಂತೆ ಕೂತಿದ್ದರೆ, ಒಬ್ಬ ಮನುಷ್ಯನ ಭಾರವೇ ಅದನ್ನು ಕಡಿದುಬಿಡಲು ಸಾಕು. ಹಿಮಕುಸಿತದಲ್ಲಿ ಸಿಕ್ಕಿಕೊಂಡ ಆಟಗಾರರಲ್ಲಿ ಹೆಚ್ಚಿನವರ ಮೇಲೆ ಬಿದ್ದದ್ದು ತಾವೋ ತಮ್ಮ ಜೊತೆಗಾರರೋ ಕಡಿದ ಹಿಮವೇ.

ಎಷ್ಟು ಓರೆಯಿದ್ದರೆ ಅಪಾಯ? ಸುಮಾರು 30 ಡಿಗ್ರಿಯಿಂದ 45 ಡಿಗ್ರಿ. ಈ ವಾಚನಾಲಯದ ಮಹಡಿ ಮೆಟ್ಟಿಲು ಎಷ್ಟು ಓರೆಯಿದೆಯೋ ಅಲ್ಲಿಂದ ಸ್ವಲ್ಪ ಮೇಲಕ್ಕೆ, ಅಷ್ಟೇ. ಅದಕ್ಕಿಂತ ತೀರ ಕಡಿದಾದಲ್ಲಿ ಹಿಮ ನಿಲ್ಲದೆ ಆಗಾಗ ಉದುರಿಹೋಗುತ್ತದೆ. ಸಪಾಟಾದಲ್ಲಿ ಜಾರುವುದೇ ಇಲ್ಲ. ಸ್ಕೀ ಆಡಲು ಬಹು ಸೊಗಸಾದ ಇಳಿಜಾರು ಯಾವುದೋ ಅದೇ ಕುಸಿಯಲೂ ತಕ್ಕ ಇಳಿಜಾರು. ಬೆಟ್ಟದ ಈ ಏರ್ಪಾಡು ನನಗಂತೂ ಅನ್ಯಾಯವೆಂದೇ ತೋರುತ್ತದೆ.

ಕಲಿತವರಿಗೂ ರಿಯಾಯಿತಿಯಿಲ್ಲ. 2010ರ ಫೆಬ್ರುವರಿ 8ರಂದು ಗುಲ್ಮಾರ್ಗಿನ ಖಿಲನ್‌ಮರ್ಗಿನಲ್ಲಿ, ತಿಮ್ಮಯ್ಯನವರು ನೆಟ್ಟ ಆ ಶಾಲೆಯಲ್ಲೇ ತರಬೇತಿಯಲ್ಲಿದ್ದ 17 ಯೋಧರು ಹಿಮದಡಿ ಸತ್ತರು. 2023ರ ಫೆಬ್ರುವರಿ 1ರಂದು ಅಫರ್ವತ್‌ನಲ್ಲಿ ಪೋಲೆಂಡಿನ ಇಬ್ಬರು ಹೋದರು. 19 ವಿದೇಶೀಯರನ್ನು ಉಳಿಸಿದರು. ಭವಾನಿ ಚಿನ್ನ ಗೆದ್ದ ಆ ಕೂಟ ನಡೆಯುತ್ತಿದ್ದಾಗಲೇ, 2024ರ ಫೆಬ್ರುವರಿ 22ರಂದು, ಅದೇ ಬೆಟ್ಟದಲ್ಲಿ ಹಿಮ ಕುಸಿದು ರಷ್ಯಾದವನೊಬ್ಬ ತೀರಿಕೊಂಡ.

ಈಗ ಜೊತೆಗಾರರ ವಿಷಯ. ಹಿಮದಡಿ ಹೂತವನನ್ನು ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಸುಮಾರು ಮೂರರಲ್ಲಿ ಒಬ್ಬ. ಪೊಲೀಸರಾಗಲಿ ಸೈನ್ಯವಾಗಲಿ ಹತ್ತು ನಿಮಿಷದಲ್ಲಿ ಬರಲಾರರು. ಬರಬಲ್ಲವನು ಪಕ್ಕದಲ್ಲಿರುವ ಗೆಳೆಯನೇ. ಅದಕ್ಕಾಗಿ ಪ್ರತಿಯೊಬ್ಬನ ಎದೆಗೂ ಸಂಕೇತ ಕಳಿಸುವ ಸಣ್ಣ ರೇಡಿಯೋ ಯಂತ್ರ ಕಟ್ಟಿರಬೇಕು. ಒಬ್ಬ ಹೂತರೆ ಉಳಿದವರು ತಮ್ಮ ಯಂತ್ರವನ್ನು ಹುಡುಕುವ ಕಡೆಗೆ ತಿರುಗಿಸಿ ಸ್ಥಳ ಗುರುತಿಸುತ್ತಾರೆ, ಮಡಿಸುವ ಉದ್ದನೆಯ ಸಲಾಕೆಯಿಂದ ಚುಚ್ಚಿ ನೋಡುತ್ತಾರೆ, ಸಲಿಕೆಯಿಂದ ಅಗೆಯುತ್ತಾರೆ. ಕುಸಿದು ನಿಂತ ಹಿಮ ಕಲಸಿಟ್ಟ ಸಿಮೆಂಟಿನಂತೆ ಬಿಗಿಯುತ್ತದೆ; ಬರಿಗೈಯಿಂದ ಆಗದ ಮಾತು. ಯಂತ್ರ ಕಟ್ಟಿಕೊಂಡರೆ ಸಾಲದು, ಕೆಳಗಿನ ಬಯಲಿನಲ್ಲಿ ಹೂತಿಟ್ಟು ಹುಡುಕುವ ಅಭ್ಯಾಸ ಮಾಡಿರಬೇಕು. ಇಳಿಯುವಾಗ ಒಬ್ಬೊಬ್ಬರಾಗಿ ಇಳಿಯಬೇಕು. ಮಿಕ್ಕವರು ಭದ್ರವಾದ ಜಾಗದಲ್ಲಿ ನಿಂತು ಕಣ್ಣು ತೆಗೆಯದೆ ನೋಡಬೇಕು. ಎಲ್ಲರೂ ಒಟ್ಟಿಗೆ ಹೂತರೆ ಅಗೆಯುವವರು ಯಾರು?

ಆದರೆ ಉಳಿಸುವ ಗೆಳೆಯರೇ ಕೆಡಿಸುವುದೂ ಉಂಟು. ನಾವು ಮೂವರು ಹೋದಾಗ, ಇಬ್ಬರದು ಕೆಳಗಿನ ಬಯಲಿನಲ್ಲಿ ಬಿದ್ದು ಏಳುವ ಪ್ರಾಥಮಿಕ ಪಾಠ; ಮೂರನೆಯವನು ಮಾತ್ರ ಮೂರು ಚಳಿಗಾಲ ಕಲಿತ ಗಟ್ಟಿಗ. ಎರಡು ದಿನ ಎಡೆಬಿಡದೆ ಹಿಮ ಸುರಿದು ನಿಂತ ಬೆಳಗ್ಗೆ, ಅವನೂ ಅವನಿಗೆ ಅಲ್ಲಿ ಪರಿಚಯವಾದ ಐವರೂ ಮೇಲಕ್ಕೆ ಹೋದರು. ಗಸ್ತಿನವರು ಹಗ್ಗ ಕಟ್ಟಿ ಒಂದು ಪಕ್ಕವನ್ನು ಮುಚ್ಚಿದ್ದರು. ಹಗ್ಗದಾಚೆ ಒಂದು ಗೆರೆಯೂ ಬೀಳದ ಹಿಮ. ಐವರೂ ದಾಟುವ ಮನಸ್ಸು ಮಾಡಿದರು. ನಮ್ಮವನು, “ನಾನು ಬರೋದಿಲ್ಲ, ನೀವು ಹೋಗಿ” ಎಂದನಂತೆ. ಇಷ್ಟು ದೂರ ಬಂದು, ಇಷ್ಟು ಹಣ ಸುರಿದು ಹಿಂದೆ ಸರಿಯುವುದೇ ಎಂದು ನಕ್ಕರಂತೆ. ಅವನು ಡಬ್ಬಿಯಲ್ಲೇ ಕುಳಿತು ಇಳಿದು ಬಂದ.

ಆ ಐವರಿಗೆ ಏನಾಯಿತು ಎಂದು ಕೇಳುತ್ತೀರಿ. ಏನೂ ಆಗಲಿಲ್ಲ. ಸುಖವಾಗಿ ಇಳಿದು ಬಂದು, ಚಹಾದಂಗಡಿಯಲ್ಲಿ ಕುಳಿತು ಇವನನ್ನು ಹಾಸ್ಯ ಮಾಡಿದರು. ನಾನು ಹೇಳಬೇಕೆಂದಿರುವುದು ಇದನ್ನೇ. ನಮ್ಮ ಗಿರಣಿಯಲ್ಲಿ ನಾನು ಲೆಕ್ಕ ತಪ್ಪಿದರೆ ಸಂಜೆಯೊಳಗೆ ತಾಳೆ ಬೀಳದೆ ಗೊತ್ತಾಗುತ್ತದೆ. ಬೆಟ್ಟದ ಲೆಕ್ಕ ಹಾಗಲ್ಲ. ಅಲ್ಲಿ ತಪ್ಪು ಮಾಡಿದವನು ಹತ್ತು ಸಲ ಗೆದ್ದು ಬರುತ್ತಾನೆ, ತಾನು ಮಾಡಿದ್ದೇ ಸರಿಯೆಂದು ಕಲಿತುಬಿಡುತ್ತಾನೆ, ಆ ಪಾಠವನ್ನು ಇತರರಿಗೂ ಹೇಳಿಕೊಡುತ್ತಾನೆ. ಸುಖವಾಗಿ ಬಂದದ್ದು ಹಿಮ ಗಟ್ಟಿಯಿತ್ತೆಂಬುದಕ್ಕೆ ಸಾಕ್ಷಿಯಲ್ಲ. ನನ್ನ ಗೆಳೆಯ ಅಂದು ಹಾಸ್ಯಕ್ಕೆ ಗುರಿಯಾದ. ಹೊಟ್ಟೆಯಲ್ಲಿ ನೋವೂ ಇತ್ತು. ಆದರೂ ನಾಲ್ವರಲ್ಲಿ ಯಾರನ್ನು ಮುಂದಾಳಾಗಿ ಕಳಿಸಲಿ ಎಂದು ನೀವು ನನ್ನನ್ನು ಕೇಳಿದರೆ, ಅಂಥವನೊಬ್ಬನನ್ನು ಎಂದೇ ಹೇಳುತ್ತೇನೆ.

ಹೊರಡುವವರು ಇಲ್ಲೇ, ಚೆನ್ನೈಯಲ್ಲೇ, ಒಂದು ಒಪ್ಪಂದ ಮಾಡಿಕೊಳ್ಳಲಿ: ಮೇಲೆ ನಿಂತಾಗ ಯಾರೊಬ್ಬ ಬೇಡವೆಂದರೂ ಎಲ್ಲರೂ ಹಿಂದಿರುಗುವುದು, ಬೇಡವೆಂದವನಿಂದ ಕಾರಣ ಕೇಳದಿರುವುದು. ಅಲ್ಲಿ ಹೋಗಿ ಮಾತಾಡಿಕೊಳ್ಳೋಣವೆಂದರೆ ಚಳಿ, ಆಸೆ, ಖರ್ಚಾದ ದುಡ್ಡು ಎಲ್ಲವೂ ನಡುವೆ ಬಾಯಿ ಹಾಕುತ್ತವೆ. ಸ್ಥಳೀಯ ಮಾರ್ಗದರ್ಶಿಯಿಲ್ಲದೆ ಮೇಲಿನ ಹಂತಕ್ಕೆ ಹೋಗುವ ಮಾತೇ ಬೇಡ. ಮೊದಲ ಸಲ ಹೋಗುವವರಿಗೆ, 1968ರಲ್ಲಿ ಸ್ಥಾಪನೆಯಾದ ಸರಕಾರಿ ಸ್ಕೀ ಮತ್ತು ಪರ್ವತಾರೋಹಣ ಸಂಸ್ಥೆಯ ಶಿಬಿರವೇ ಲೇಸು.

ದಾರಿಯ ವಿಷಯ ಕೇಳಿದವರಿಗೆ: 2025ರ ಜೂನಿನಿಂದ ಕಟ್ರಾದಿಂದ ಶ್ರೀನಗರಕ್ಕೂ ರೈಲು ಓಡುತ್ತಿದೆ, ಶ್ರೀನಗರದಿಂದ ತಂಗ್‌ಮರ್ಗಿನ ಮೇಲೆ ಗುಲ್ಮಾರ್ಗ್ ಸುಮಾರು 50 ಕಿಲೋಮೀಟರು. ಉಣ್ಣೆಯ ಕೈಚೀಲ, ಕಾಲುಚೀಲ ನನ್ನಲ್ಲಿವೆ, ಬೇಕಾದವರು ಒಯ್ಯಬಹುದು. ಅಫರ್ವತ್‌ನ ನಕ್ಷೆಯನ್ನು ಪತ್ರಿಕೆಗಳ ಮೇಜಿನ ಮೇಲೆ ಹಾಸಿಟ್ಟಿದ್ದೇನೆ; ಗಸ್ತಿನವರು ಹಗ್ಗ ಕಟ್ಟಿದ್ದ ಜಾಗಕ್ಕೆ ಕೆಂಪು ಪೆನ್ಸಿಲಿನ ಗುರುತಿದೆ.