ಎರಡನೆಯ ಅರ್ಜಿ

(ಸಂಘದ ವಿದ್ಯಾರ್ಥಿ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಅಮೆರಿಕದಲ್ಲಿ ಫಾರ್ಮಸಿ ರೆಸಿಡೆನ್ಸಿಗೆ ಅರ್ಜಿ ಹಾಕಿ, ಸ್ಥಾನ ಸಿಗದೆ, ಮತ್ತೆ ಅರ್ಜಿ ಹಾಕುವವರ ಬಗ್ಗೆ ನಾನು ಇಂದು ಮಾತನಾಡಬೇಕಾಗಿದೆ. ಉರ್ದು, ಕನ್ನಡ ಕಲಿಸುವ ಮೇಷ್ಟರಿಗೆ ಔಷಧಶಾಸ್ತ್ರದ ಗೊಡವೆ ಏಕೆ ಎಂದು ನೀವು ಕೇಳಬಹುದು. ಈ ಅರ್ಜಿಯಲ್ಲಿ ಪತ್ರ ಬರೆಯುವ ಕೆಲಸ ಬಹಳವಿದೆ. ಒಮ್ಮೆ ಸೋತ ಮಕ್ಕಳನ್ನು ಮತ್ತೆ ಬರೆಯಲು ಕೂರಿಸುವುದಂತೂ ಮೇಷ್ಟರ ನಿತ್ಯದ ಕೆಲಸ. ಆ ಎರಡರ ಧೈರ್ಯದ ಮೇಲೆ ಇಲ್ಲಿ ನಿಂತಿದ್ದೇನೆ.

ಈ ವಿಷಯ ನಮ್ಮಿಂದ ದೂರದ್ದೇನಲ್ಲ. ನಮ್ಮ ದೇಶದಲ್ಲಿ ಫಾರ್ಮ್.ಡಿ. ಕೋರ್ಸು 2008ರಲ್ಲಿ ಆರಂಭವಾಯಿತು. ಐದು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಒಟ್ಟು ಆರು ವರ್ಷ. ಕರ್ನಾಟಕದಲ್ಲಿ ಸಿ.ಇ.ಟಿ. ಮೂಲಕವೂ ಇದಕ್ಕೆ ಸೀಟು ಸಿಗುತ್ತದೆ. 2003ರ ಜನವರಿ 1ರಿಂದ ಈಚೆಗೆ ಪದವಿ ಪಡೆದ ವಿದೇಶಿ ಫಾರ್ಮಸಿಸ್ಟರು ಕನಿಷ್ಠ ಐದು ವರ್ಷದ ಕೋರ್ಸು ಓದಿರಬೇಕೆಂಬುದು ಅಮೆರಿಕದ ನಿಯಮ. ನಾಲ್ಕು ವರ್ಷದ ಬಿ.ಫಾರ್ಮ. ಅಲ್ಲಿ ಸಾಲದು, ಫಾರ್ಮ್.ಡಿ. ಸಾಕಾಗುತ್ತದೆ. ಹೀಗಾಗಿ ನಮ್ಮ ಮಕ್ಕಳ ಕಣ್ಣು ಆ ಕಡೆ ಹೊರಳುವುದು ಸಹಜ. ಅವರು ಮೊದಲು ಎಫ್.ಪಿ.ಜಿ.ಇ.ಸಿ. ಎಂಬ ಪ್ರಮಾಣಪತ್ರ ಪಡೆಯಬೇಕು. ಆಮೇಲೆ ಅಲ್ಲಿಯ ವಿದ್ಯಾರ್ಥಿಗಳ ಜೊತೆಯಲ್ಲೇ ರೆಸಿಡೆನ್ಸಿಗೆ ಅರ್ಜಿ ಹಾಕಬಹುದು. ಅಲ್ಲೇ ಹುಟ್ಟಿ ಓದುತ್ತಿರುವ ನಮ್ಮ ಬಂಧುಗಳ ಮಕ್ಕಳದ್ದೂ ಇದೇ ದಾರಿ.

ರೆಸಿಡೆನ್ಸಿ ಎಂದರೇನು? ಪದವಿಯ ನಂತರ ಆಸ್ಪತ್ರೆಯಲ್ಲೋ ಕ್ಲಿನಿಕ್ಕಿನಲ್ಲೋ ಹಿರಿಯ ಫಾರ್ಮಸಿಸ್ಟರ ಕೈಕೆಳಗೆ ಒಂದು ವರ್ಷ ಪಡೆಯುವ ತರಬೇತಿ. ಕ್ಯಾನ್ಸರ್, ಮಕ್ಕಳ ಚಿಕಿತ್ಸೆ, ತೀವ್ರ ನಿಗಾ ಮೊದಲಾದ ವಿಭಾಗದಲ್ಲಿ ಪರಿಣತಿ ಬೇಕಾದವರು ಎರಡನೆಯ ವರ್ಷವನ್ನೂ ಮಾಡುತ್ತಾರೆ. ಫಾರ್ಮಸಿಸ್ಟ್ ಲೈಸೆನ್ಸಿಗೆ ಇದು ಕಡ್ಡಾಯವಲ್ಲ. ಆದರೆ ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯರ ಜೊತೆ ವಾರ್ಡಿಗೆ ಹೋಗಿ ಔಷಧದ ಪ್ರಮಾಣ ನಿರ್ಧರಿಸುವ ಹುದ್ದೆಗಳಿಗೆ ಹೆಚ್ಚಾಗಿ ಇದನ್ನು ಕೇಳುತ್ತಾರೆ.

ಸ್ಥಾನ ಹಂಚುವ ವ್ಯವಸ್ಥೆಯ ಹೆಸರು ‘ಮ್ಯಾಚ್’. ಸಂದರ್ಶನಗಳು ಮುಗಿದ ಮೇಲೆ ಅಭ್ಯರ್ಥಿಯು ತನಗಿಷ್ಟವಾದ ಕಡೆಗಳನ್ನು ಕ್ರಮವಾಗಿ ಬರೆದು ಕೊಡುತ್ತಾನೆ. ಆಸ್ಪತ್ರೆಗಳೂ ತಮಗೆ ಬೇಕಾದವರ ಪಟ್ಟಿ ಕೊಡುತ್ತವೆ. ಕಂಪ್ಯೂಟರ್ ಎರಡನ್ನೂ ಕೂಡಿಸುತ್ತದೆ. ಇದರ ಹಿಂದಿನ ಗಣಿತವನ್ನು ಗೇಲ್ ಮತ್ತು ಶೇಪ್ಲಿ ಎಂಬ ವಿದ್ವಾಂಸರು 1962ರಲ್ಲಿ ಕಾಲೇಜು ಪ್ರವೇಶ ಮತ್ತು ಮದುವೆ ಸಂಬಂಧಗಳ ಉದಾಹರಣೆ ಇಟ್ಟುಕೊಂಡು ವಿವರಿಸಿದರು. ರಿಷ್ತಾ ನೋಡುವ ನಮ್ಮ ಹಿರಿಯರಿಗೆ ಇದು ಬೇಗ ಅರ್ಥವಾಗುತ್ತದೆ! ಈ ಕ್ಷೇತ್ರದ ಕೆಲಸಕ್ಕಾಗಿ ಶೇಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಒಂದು ಆಸ್ಪತ್ರೆಯಲ್ಲಿ ಎರಡು ಸ್ಥಾನಗಳಿವೆ, ಹತ್ತು ಜನ ಸಂದರ್ಶನಕ್ಕೆ ಬಂದಿದ್ದಾರೆ ಎಂದುಕೊಳ್ಳಿ. ಹತ್ತೂ ಜನ ಯೋಗ್ಯರೇ ಆಗಿದ್ದರೂ ಎಂಟು ಜನ ಅಲ್ಲಿಂದ ಹೊರಗೆ ಉಳಿಯಲೇಬೇಕು. ಅವರ ಪಟ್ಟಿಯ ಉಳಿದ ಕಡೆಗಳಲ್ಲೂ ಹೀಗೇ ಆದರೆ ಫಲಿತಾಂಶದ ದಿನ ‘ಮ್ಯಾಚ್ ಆಗಿಲ್ಲ’ ಎಂದು ಬರುತ್ತದೆ. ನಮ್ಮ ಸಿ.ಇ.ಟಿ.ಯಲ್ಲಿ ರ‍್ಯಾಂಕ್ ಸಂಖ್ಯೆ ಕಾಣಿಸುತ್ತದೆ. ಎಷ್ಟರಲ್ಲಿ ತಪ್ಪಿತು ಎಂದು ತಿಳಿಯುತ್ತದೆ. ಇಲ್ಲಿ ಅದೂ ಇಲ್ಲ. ಕಾರಣ ಗೊತ್ತಾಗದ ಸೋಲು ಮನಸ್ಸನ್ನು ಹೆಚ್ಚು ಕಾಡುತ್ತದೆ. ಮಕ್ಕಳು ಅದನ್ನು ‘ನಾನು ಅಯೋಗ್ಯ’ ಎಂಬ ತೀರ್ಪಾಗಿ ಓದಿಕೊಳ್ಳುತ್ತಾರೆ. ಅದು ತೀರ್ಪಲ್ಲ. ಇರುವ ಸ್ಥಾನಗಳಲ್ಲಿ ಈ ವರ್ಷ ಜಾಗವಾಗಲಿಲ್ಲ ಎಂಬ ಸುದ್ದಿ ಮಾತ್ರ.

ಹಾಗಾದರೆ ಮುಂದೇನು? ಮೊದಲು, ಅದೇ ವರ್ಷದಲ್ಲಿ ಇನ್ನೊಂದು ಬಾಗಿಲಿದೆ. 2016ರಿಂದ ಮ್ಯಾಚ್ ಎರಡು ಹಂತಗಳಲ್ಲಿ ನಡೆಯುತ್ತಿದೆ. ಮಾರ್ಚ್‌ನಲ್ಲಿ ಮೊದಲ ಹಂತದ ಫಲಿತಾಂಶ ಬಂದ ಮೇಲೆ ಖಾಲಿ ಉಳಿದ ಸ್ಥಾನಗಳ ಪಟ್ಟಿ ಹೊರಬರುತ್ತದೆ. ಅವುಗಳಿಗೆ ಮತ್ತೆ ಅರ್ಜಿ, ಮತ್ತೆ ಸಂದರ್ಶನ, ಮತ್ತೆ ಪಟ್ಟಿ. ಸಮಯ ಕೆಲವೇ ವಾರ. ಆದ್ದರಿಂದ ಅಳುವುದಕ್ಕೆ ಒಂದು ರಾತ್ರಿ ಸಾಕು. ಬೆಳಿಗ್ಗೆ ಅರ್ಜಿ ತಿದ್ದಲು ಕೂರಬೇಕು.

ಅಲ್ಲಿಯೂ ಆಗದಿದ್ದರೆ ಮುಂದಿನ ವರ್ಷದ ತಯಾರಿ. ಆಗ ತನ್ನನ್ನು ತಾನು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ನನಗೆ ಎಷ್ಟು ಕಡೆಯಿಂದ ಸಂದರ್ಶನಕ್ಕೆ ಕರೆ ಬಂತು? ಕರೆಯೇ ಬಂದಿಲ್ಲವಾದರೆ ಕೊರತೆ ಕಾಗದದಲ್ಲಿದೆ: ಅಂಕ, ಅನುಭವ, ಪತ್ರ, ಶಿಫಾರಸು, ಇಲ್ಲವೇ ತನಗೆ ಹೊಂದದ ಕಡೆಗೆ ಹಾಕಿದ ಅರ್ಜಿ. ಕರೆ ಬಂದೂ ಆಗದಿದ್ದರೆ ಮಾತಿನ ಅಭ್ಯಾಸ ಬೇಕಾಗಿರಬಹುದು. ಒಂದೇ ಊರು, ಒಂದೆರಡೇ ಹೆಸರಾಂತ ಆಸ್ಪತ್ರೆ ಎಂದು ಹಟ ಹಿಡಿದಿದ್ದರೆ ಪಟ್ಟಿಯೇ ಚಿಕ್ಕದಾಯಿತು. ರೋಗ ತಿಳಿಯದೆ ಔಷಧ ಕೊಡಬಾರದೆಂದು ಫಾರ್ಮಸಿ ಓದುವವರಿಗೆ ನಾನು ಹೇಳಬೇಕಾಗಿಲ್ಲ. ಅರ್ಜಿ ಹಾಕಿದ್ದ ಕಡೆ ವಿನಯದಿಂದ ‘ನನ್ನಲ್ಲಿ ಏನು ಕಡಿಮೆಯಾಯಿತು’ ಎಂದು ಬರೆದು ಕೇಳಿ. ಕೆಲವರು ಉತ್ತರಿಸುವುದಿಲ್ಲ. ಉತ್ತರಿಸುವ ಒಬ್ಬರ ಮಾತು ಇಡೀ ವರ್ಷಕ್ಕೆ ದಾರಿ ತೋರಬಹುದು.

ಆ ವರ್ಷವನ್ನು ಖಾಲಿ ಬಿಡಬಾರದು. ಲೈಸೆನ್ಸ್ ಪರೀಕ್ಷೆ ಮುಗಿಸಿಕೊಳ್ಳಬೇಕು. ಸಾಧ್ಯವಾದರೆ ಆಸ್ಪತ್ರೆಯಲ್ಲಿ, ಆಗದಿದ್ದರೆ ಔಷಧದ ಅಂಗಡಿಯಲ್ಲಾದರೂ ಕೆಲಸ ಹಿಡಿಯಬೇಕು. ಲಸಿಕೆ ಹಾಕುವುದು, ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬಗ್ಗೆ ತಿಳಿಸಿ ಹೇಳುವುದು ಕೂಡ ಅನುಭವವೇ. ಶಿಫಾರಸು ಪತ್ರಗಳನ್ನು ಹೊಸದಾಗಿ, ಈ ವರ್ಷ ನಿಮ್ಮ ಕೆಲಸ ಕಂಡವರಿಂದ ಪಡೆಯಬೇಕು. ಇಲ್ಲಿಂದ ಹೋಗುವವರು ವೀಸಾ ವಿಚಾರವನ್ನು ಅರ್ಜಿಗೆ ಮೊದಲೇ ಕೇಳಿಕೊಳ್ಳಬೇಕು. ಎಲ್ಲ ಆಸ್ಪತ್ರೆಗಳೂ ಅದರ ಹೊಣೆ ಹೊರುವುದಿಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಅರ್ಜಿಯ ಜೊತೆ ಒಂದು ಉದ್ದೇಶ ಪತ್ರ ಇರುತ್ತದೆ. ಎಷ್ಟೋ ಮಕ್ಕಳು ಹೋದ ವರ್ಷದ ಪತ್ರಕ್ಕೆ ತಾರೀಖು ಮಾತ್ರ ಬದಲಿಸಿ ಕಳಿಸಿಬಿಡುತ್ತಾರೆ. ಹಾಗೆ ಮಾಡಿದರೆ ಅದು ಎರಡನೆಯ ಅರ್ಜಿಯಲ್ಲ, ಮೊದಲನೆಯದರ ನಕಲು. ‘ನನಗೆ ಬಹಳ ಆಸಕ್ತಿಯಿದೆ, ನಾನು ಶ್ರಮಜೀವಿ’ ಎಂಬ ವಾಕ್ಯವನ್ನು ಯಾರು ಬೇಕಾದರೂ ಬರೆಯಬಹುದು. ‘ಮೂತ್ರಪಿಂಡದ ತೊಂದರೆಯಿರುವ ರೋಗಿಯ ಔಷಧ ಪ್ರಮಾಣ ಹೆಚ್ಚಾಗಿದ್ದುದನ್ನು ಕಂಡೆ, ವೈದ್ಯರಿಗೆ ಹೀಗೆ ತಿಳಿಸಿದೆ, ಅವರು ಬದಲಿಸಿದರು’ ಎಂಬುದನ್ನು ಆ ಕೆಲಸ ಮಾಡಿದವರೇ ಬರೆಯಬೇಕು. ಹೋದ ವರ್ಷ ಮ್ಯಾಚ್ ಆಗಲಿಲ್ಲ ಎಂಬುದನ್ನು ಮುಚ್ಚಿಡಬೇಡಿ, ಅದಕ್ಕೆ ಗೋಳಾಡಲೂ ಬೇಡಿ. ಒಂದು ವಾಕ್ಯದಲ್ಲಿ ಹೇಳಿ, ಆಮೇಲೆ ಏನು ಕಲಿತಿರಿ ಎಂಬುದಕ್ಕೆ ಬನ್ನಿ. ಸಂದರ್ಶನದಲ್ಲೂ ಇದೇ ಉತ್ತರ ಸಾಕು.

ಮತ್ತೆ ಮತ್ತೆ ಅರ್ಜಿ ಹಾಕುವುದೊಂದೇ ದಾರಿ ಎಂದು ನಾನು ಹೇಳುವುದಿಲ್ಲ. ರೆಸಿಡೆಂಟಿಗೆ ಸಿಗುವ ವೇತನ ಫಾರ್ಮಸಿಸ್ಟರ ಸಂಬಳಕ್ಕಿಂತ ಬಹಳ ಕಡಿಮೆ. ಮನೆಯಲ್ಲಿ ಸಾಲವಿದ್ದು, ತಂಗಿಯರ ಓದು ಬಾಕಿಯಿದ್ದರೆ ನೇರವಾಗಿ ಉದ್ಯೋಗಕ್ಕೆ ಹೋಗುವುದು ಸೋಲಲ್ಲ. ಕೆಲಸ ಮಾಡುತ್ತಲೇ ಮೇಲೇರಿದವರೂ ಇದ್ದಾರೆ. ಲೆಕ್ಕ ಹಾಕಿ ತೀರ್ಮಾನಿಸಬೇಕು, ನಾಚಿಕೆಯಿಂದ ತೀರ್ಮಾನಿಸಬಾರದು.

ಈ ನಾಚಿಕೆಯ ಮಾತಿಗಾಗಿಯೇ ನಾನು ಹಿರಿಯರ ಕಡೆ ತಿರುಗುತ್ತೇನೆ. ನೀಟ್, ಸಿ.ಇ.ಟಿ., ರೆಸಿಡೆನ್ಸಿ ಯಾವುದೇ ಇರಲಿ, ಒಮ್ಮೆ ಆಗದ ಮಗ ಮದುವೆ ಮನೆಗೆ ಬರಲು ಹಿಂಜರಿಯುತ್ತಾನೆ. ‘ಏನಪ್ಪಾ, ಆಗಲಿಲ್ವಂತೆ?’ ಎಂಬ ಪ್ರಶ್ನೆ ಬಾಗಿಲಲ್ಲೇ ಕಾದಿರುತ್ತದೆ. ಮಗಳಾದರೆ ‘ಸಾಕು ಬಿಡಮ್ಮಾ, ಓದಿದ್ದು ಆಯಿತು’ ಎಂಬ ಮಾತು ಅಂದೇ ಹೊರಡುತ್ತದೆ. ಗಂಡು ಮಗನಿಗೆ ಕೊಡುವ ಇನ್ನೊಂದು ವರ್ಷವನ್ನು ಹೆಣ್ಣು ಮಗಳಿಗೂ ಕೊಡಿ ಎಂದು ಕೈಮುಗಿದು ಕೇಳುತ್ತೇನೆ. ಆರು ವರ್ಷ ಓದಿದವಳಿಗೆ ಏಳನೆಯ ವರ್ಷ ಭಾರವಾಗದು.

ಸಂಘದ ಮುಂದೆಯೂ ಒಂದು ಅರಿಕೆಯಿದೆ. ಪ್ರತಿಭಾ ಪುರಸ್ಕಾರದಲ್ಲಿ ಮೊದಲ ಸಲಕ್ಕೇ ಗೆದ್ದವರಿಗೆ ಶಾಲು ಹೊದಿಸುತ್ತೇವೆ, ಬಹಳ ಸಂತೋಷ. ಎರಡನೆಯ ಸಲ ಪ್ರಯತ್ನಿಸುವವರಿಗೆ ನಮ್ಮಲ್ಲಿ ಏನಿದೆ? ಅರ್ಜಿ ಶುಲ್ಕಕ್ಕೆ ಒಂದಿಷ್ಟು ಕರ್ಜೆ ಹಸನಾ, ಪತ್ರ ಓದಿ ತಿದ್ದುವ ಇಬ್ಬರು ಶಿಕ್ಷಕರು, ಭಾನುವಾರ ಅಣಕು ಸಂದರ್ಶನ ನಡೆಸುವ ಒಬ್ಬ ವೈದ್ಯರು, ಒಬ್ಬ ಫಾರ್ಮಸಿಸ್ಟರು. ಇದಕ್ಕೆ ಕಟ್ಟಡ ಬೇಕಿಲ್ಲ. ಈ ಸಭಾಂಗಣ ಸಾಕು. ಪತ್ರ ತಿದ್ದುವ ಇಬ್ಬರಲ್ಲಿ ಒಬ್ಬನಾಗಿ ನನ್ನ ಹೆಸರು ಇಂದೇ ಬರೆದುಕೊಳ್ಳಿ.

ವಿದ್ಯಾರ್ಥಿಗಳೇ, ಒಂಟೆಯನ್ನು ಕಟ್ಟಿದ ಮೇಲೆ ತವಕ್ಕುಲ್ ಎಂದು ಮಕ್ತಬಿನಲ್ಲೇ ಕಲಿತವರು ನಾವು. ಸಬರ್ ಎಂದರೆ ಕೈಕಟ್ಟಿ ಕೂರುವುದಲ್ಲ. ದುಆ ಮಾಡಿ, ಪತ್ರವನ್ನು ಹೊಸದಾಗಿ ಬರೆಯಿರಿ. ಅಲ್ಲಾಹನು ನಿಮ್ಮ ಶ್ರಮಕ್ಕೆ ಬರಕತ್ ನೀಡಲಿ.