ಹಗಲೆಲ್ಲ ಮನೆಯಲ್ಲಿರುವವರು

ನಮ್ಮ ಮನೆಯಲ್ಲಿ ಒಂದೂವರೆ ತಿಂಗಳಿಂದ ಒಂದೇ ಮಾತು. ನಾಯಿ ತರುವುದೋ, ಬೇಡವೋ? ಶುರು ಮಾಡಿದ್ದು ಮಗಳು. ಎಂಟನೇ ಕ್ಲಾಸು. ‘777 ಚಾರ್ಲಿ’ ಸಿನಿಮಾ ಬಂದದ್ದು 2022ರಲ್ಲಿ. ಅದನ್ನು ಅವಳು ಎಷ್ಟು ಸಲ ನೋಡಿದ್ದಾಳೋ ಲೆಕ್ಕ ಇಟ್ಟವರಿಲ್ಲ. ಒಂದು ಭಾನುವಾರ ತಟ್ಟೆಗೆ ದೋಸೆ ಬೀಳುವ ಹೊತ್ತಿಗೆ ಸರಿಯಾಗಿ ಅರ್ಜಿ ಹಾಕಿದಳು. ನಾನು ಬಾಯಲ್ಲಿ ತುತ್ತಿಟ್ಟುಕೊಂಡೇ ಒಪ್ಪಿಬಿಟ್ಟೆ. ಕಾವಲಿಯ ಮುಂದೆ ನಿಂತಿದ್ದ ನನ್ನ ಹೆಂಡತಿ ತಿರುಗಿ ಕೂಡ ನೋಡದೆ “ಬೇಡ” ಅಂದಳು.

ಮಗಳ ಮನಸ್ಸಿನಲ್ಲಿ ಮೊದಲು ಇದ್ದದ್ದು ನೀಲಿಗಣ್ಣಿನ ಹಸ್ಕಿ. ಹಿಮದಲ್ಲಿ ಗಾಡಿ ಎಳೆಯುವ ನಾಯಿ ಅದು, ಮೈಮೇಲೆ ಎರಡು ಪದರ ಕೂದಲು. ಮೈಸೂರಿನ ಏಪ್ರಿಲ್ ಬಿಸಿಲಲ್ಲಿ ನಾವೇ ಒಂದು ಪದರ ಬಟ್ಟೆ ತಾಳಲಾರೆವು. ಅದು ಬೇಡವೆಂದ ಮೇಲೆ ಅವಳಿಗೆ ನಾಡಪ್ರೇಮ ಬಂತು: ಮುಧೋಳ ನಾಯಿ. ಬಾಗಲಕೋಟೆ ಜಿಲ್ಲೆಯ ಆ ತಳಿಯನ್ನು ಮುಧೋಳದ ಘೋರ್ಪಡೆ ಅರಸು ಮಾಲೋಜಿರಾವ್ ಮುತುವರ್ಜಿಯಿಂದ ಉಳಿಸಿ ಬೆಳೆಸಿದ್ದು, 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ತಂದದ್ದು, ಎಲ್ಲ ಓದಿಕೊಂಡು ಬಂದಿದ್ದಳು. ಸರಿ, ಹೆಮ್ಮೆಯ ನಾಯಿಯೇ. ಆದರೆ ಅದು ಬೇಟೆಗೆ, ಓಟಕ್ಕೆ ಹುಟ್ಟಿದ್ದು. ಅದಕ್ಕೆ ಬಯಲು ಬೇಕು. ನಮ್ಮದು 30–40ರ ಸೈಟು. ಮನೆ, ಸಂಪು, ಕಾರು, ಒಂದು ಕರಿಬೇವಿನ ಗಿಡ ಇಷ್ಟನ್ನು ಬಿಟ್ಟರೆ ಉಳಿದ ಜಾಗದಲ್ಲಿ ಅದು ತಿರುಗಿ ನಿಲ್ಲಬಹುದು, ಅಷ್ಟೆ.

ನನ್ನ ಹೆಂಡತಿ ಈ ತಳಿಗಳ ಗೋಜಿಗೇ ಹೋಗಲಿಲ್ಲ. ಅವಳು ಕೇಳಿದ್ದು ಬೇರೆ. “ಬೆಳಿಗ್ಗೆ ಆರಕ್ಕೆ ಹೊರಗೆ ಕರೆದುಕೊಂಡು ಹೋಗುವವರು ಯಾರು? ಸಂಜೆ? ಮಳೆ ಬಂದ ದಿನ? ಸೋಫಾ ಮೇಲಿನ ಕೂದಲು ತೆಗೆಯುವವರು? ಯುಗಾದಿಗೆ ಊರಿಗೆ ಹೊರಟರೆ ಅದನ್ನೇನು ಮಾಡ್ತೀರಿ?” ಪ್ರತಿಯೊಂದಕ್ಕೂ ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ. ನೋಡಿಕೊಳ್ಳೋಣ. ಈ ಕ್ರಿಯಾಪದಕ್ಕೆ ಕರ್ತೃ ಯಾರು ಎಂಬುದು ಮನೆಯ ಗಂಡಸರಿಗೆ ಗೊತ್ತಿರುವುದಿಲ್ಲ. ಹೆಂಗಸರಿಗೆ ಚೆನ್ನಾಗಿ ಗೊತ್ತಿರುತ್ತದೆ.

ವಾದದಲ್ಲಿ ಸೋಲುತ್ತಿದ್ದೇನೆ ಅನ್ನಿಸಿದಾಗ ನಾನು ಚರಿತ್ರೆಯ ಮೊರೆ ಹೋದೆ. ನಮ್ಮ ಮೈಸೂರಿನಿಂದ ಬಹಳ ದೂರವೇನಲ್ಲ, ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಅಲ್ಲಿ ಸಿಕ್ಕಿದ ಕ್ರಿ.ಶ. 949–50ರ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಬಂಟ ಮಣಲೆರ, ಚೋಳರ ಮೇಲಿನ ತಕ್ಕೋಲದ ಕಾಳಗದಲ್ಲಿ ಶೌರ್ಯ ತೋರಿದ. ಮೆಚ್ಚಿದೆ, ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು, ಕೇಳಿದ್ದು ನಾಯಿ! ಆಮೇಲೆ ಕೆಳಲೆ ಎಂಬಲ್ಲಿ ಕಾಡುಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಕಾದಾಡಿ ಎರಡೂ ಸತ್ತವು. ಕಾಳಿಗಾಗಿ ಆತಕೂರಿನ ಚೆಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು, ಅದರ ಪೂಜೆಗೆಂದು ಭೂಮಿ ಬಿಟ್ಟರು. ನಾಯಿ, ಹಂದಿ ಸೆಣಸುವ ಚಿತ್ರ ಇವತ್ತಿಗೂ ಆ ಕಲ್ಲಿನ ಮೇಲಿದೆ.

ಇಷ್ಟನ್ನು ನಾನು ಆವೇಶದಿಂದ ಹೇಳಿ ಮುಗಿಸಿದೆ. ಹೆಂಡತಿ ಅಂದಳು, “ನೋಡಿ, ಕೇಳಿ ತೆಗೆದುಕೊಂಡವನು ನಾಯಿ ಸತ್ತ ಮೇಲೂ ಅದರ ಜವಾಬ್ದಾರಿ ಬಿಡಲಿಲ್ಲ. ನೀವು ಬದುಕಿದ್ದಾಗಿನದು ಹೇಳಿ, ಸಾಕು.”

ಬದುಕಿದ್ದಾಗಿನದು ಅಂದರೆ ಎಷ್ಟು? ನಾಯಿಯ ಆಯುಸ್ಸು ಸುಮಾರು ಹತ್ತರಿಂದ ಹದಿಮೂರು ವರ್ಷ. ಮಗಳಿಗೆ ಈಗ ಹದಿಮೂರು. ಇನ್ನು ಐದು ವರ್ಷಕ್ಕೆ ಯಾವುದೋ ಊರಿನ ಹಾಸ್ಟೆಲಿನಲ್ಲಿರುತ್ತಾಳೆ. ಆಗ ನಾಯಿಗೆ ನಡುವಯಸ್ಸು. ಅವಳು ಕೆಲಸ ಹಿಡಿಯುವ ಹೊತ್ತಿಗೆ ಅದಕ್ಕೆ ಮೆಟ್ಟಿಲು ಹತ್ತಲಾಗುವುದಿಲ್ಲ. ಹತ್ತಿಸಬೇಕಾದವನಿಗೆ, ಅಂದರೆ ನನಗೆ, ಅರವತ್ತು ದಾಟಿರುತ್ತದೆ. ಮಗುವಿಗೋಸ್ಕರ ನಾಯಿ ತಂದೆವು ಎನ್ನುವ ಎಷ್ಟೋ ಮನೆಗಳಲ್ಲಿ ಕೊನೆಗೆ ನಾಯಿಯ ಜೊತೆ ಉಳಿಯುವವರು ತಂದೆ ತಾಯಿ.

ಹಾಗೆ ಉಳಿಯದವರೂ ಇದ್ದಾರೆ. ಕಳೆದ ವರ್ಷ ರಿಂಗ್ ರೋಡಿನ ಬಸ್ ನಿಲ್ದಾಣದಲ್ಲಿ ಒಂದು ಲ್ಯಾಬ್ರಡಾರ್ ಕೂತಿರುತ್ತಿತ್ತು. ಕುತ್ತಿಗೆಯಲ್ಲಿ ಪಟ್ಟಿ ಇಲ್ಲ, ಪಟ್ಟಿ ಇದ್ದ ಕಡೆ ಕೂದಲು ಸವೆದ ಗುರುತು. ಬೆಳಿಗ್ಗೆ ವಾಕಿಂಗಿಗೆ ಹೋದಾಗ ನೋಡುತ್ತಿದ್ದೆ. ಬಿಸ್ಕತ್ತು ಹಾಕಿದರೆ ಮೂಸಿ ಬಿಡುತ್ತಿತ್ತು. ಬಿಳಿ ಕಾರು ಬಂದರೆ ಮಾತ್ರ ಎದ್ದು ನಿಲ್ಲುತ್ತಿತ್ತು. ಸಾಕಿದ ಪ್ರಾಣಿಯನ್ನು ಹಾಗೆ ಬೀದಿಯಲ್ಲಿ ಬಿಟ್ಟು ಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಆ ಬಿಳಿ ಕಾರಿನವರಿಗೆ ಇದು ಗೊತ್ತಿತ್ತೋ ಇಲ್ಲವೋ.

ಈ ಕತೆಯನ್ನು ಊಟದ ಹೊತ್ತಿನಲ್ಲಿ ಹೇಳುತ್ತಿದ್ದಾಗ ನನ್ನ ಅಮ್ಮ ಕೈತೊಳೆದು ಎದ್ದು ಹೋದರು. ಆಗ ನನಗೆ ಹೊಳೆಯಿತು. ಒಂದೂವರೆ ತಿಂಗಳಲ್ಲಿ ಅಮ್ಮನನ್ನು ಯಾರೂ ಕೇಳಿಯೇ ಇಲ್ಲ. ನಾನು, ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮಗಳು ಶಾಲೆಗೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಮನೆಯಲ್ಲಿರುವವರು ಎಪ್ಪತ್ತೆಂಟು ವರ್ಷದ ಅಮ್ಮ ಒಬ್ಬರೇ. ನಾಯಿ ಬಂದರೆ ಅದರ ಹಗಲೆಲ್ಲ ಅವರ ಜೊತೆ. ಮಡಿ, ಮೈಲಿಗೆ ಎಂದು ಹೇಗೂ ಬೇಡ ಅನ್ನುತ್ತಾರೆ, ಕೇಳುವುದೇನು ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೆವು.

ಕೋಣೆಗೆ ಹೋಗಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕರಿಯನ ನೆನಪುಂಟಾ ನಿಂಗೆ?” ಅಂದರು.

ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಮನೆಯಲ್ಲಿ ನಾಯಿ ತರಬೇಕೇ ಎಂದು ಯಾರೂ ಚರ್ಚೆ ಮಾಡಿದವರಲ್ಲ. ಎಲ್ಲಿಂದಲೋ ಬಂದು ಜಗುಲಿ ಕೆಳಗೆ ಮಲಗುತ್ತಿತ್ತು, ಉಳಿದ ಅನ್ನ ಹಾಕುತ್ತಿದ್ದರು, ಅಂಗಳದಲ್ಲಿ ಒಣಗಿದ ಅಡಿಕೆಗೆ ಅದೇ ಕಾವಲು. ಒಂದನ್ನು ಚಿರತೆ ಒಯ್ದರೆ ಇನ್ನೊಂದು ಬರುತ್ತಿತ್ತು. ಕರಿಯ ಆ ಸಾಲಿನ ಕೊನೆಯ ನಾಯಿ. ಇಪ್ಪತ್ತು ವರ್ಷದ ಹಿಂದೆ ಅಪ್ಪ ಹೋದ ಮೇಲೆ ಮನೆಗೆ ಬೀಗ ಹಾಕಿ ಅಮ್ಮನನ್ನು ಮೈಸೂರಿಗೆ ಕರೆತಂದವನು ನಾನು. ಜೀಪಿನ ಹಿಂದೆ ಕರಿಯ ಹಳ್ಳದ ತಿರುವಿನವರೆಗೂ ಓಡಿ ಬಂದಿತ್ತಂತೆ. ನಾನು ಮುಂದಿನ ಸೀಟಿನಲ್ಲಿದ್ದೆ, ನೋಡಿಲ್ಲ. ಅಥವಾ ನೋಡಿ ಮರೆತಿದ್ದೇನೆ. ತೋಟ ನೋಡಿಕೊಳ್ಳುವವರಿಗೆ ಅನ್ನ ಹಾಕಲು ಹೇಳಿ ಬಂದಿದ್ದೆವು. ಅದು ಅವರ ಮನೆಯಲ್ಲಿ ತಿಂದು, ಬಂದು ನಮ್ಮ ಬೀಗ ಹಾಕಿದ ಬಾಗಿಲ ಮುಂದೆಯೇ ಮಲಗುತ್ತಿತ್ತು. ಆ ವರ್ಷದ ಮಳೆಗಾಲ ಮುಗಿಯುವಷ್ಟರಲ್ಲಿ ಕಾಣೆಯಾಯಿತು. ಫೋನಿನಲ್ಲಿ ಅಮ್ಮ ಪ್ರತಿ ಸಲ ವಿಚಾರಿಸುತ್ತಿದ್ದರಂತೆ. ಒಂದೇ ಮನೆಯಲ್ಲಿದ್ದ ನನಗೆ ಇದೊಂದೂ ಗೊತ್ತಿಲ್ಲ.

“ನಾಯಿ ಒಳಗೆ ಬಂದ್ರೆ ಎಂತ ಆಗ್ತದೆ? ನೆಲ ಒರೆಸಿದ್ರೆ ಆಯ್ತು. ಅದನ್ನ ಬಿಟ್ಟು ಬಂದ್ವಲ್ಲ, ಅದು ಒರೆಸಿದ್ರೆ ಹೋಗ್ತದಾ?” ಅಂದರು ಅಮ್ಮ.

ಅಲ್ಲಿಂದ ಮುಂದೆ ನಮ್ಮ ಮನೆಯ ಮಾತಿನ ದಾರಿಯೇ ಬೇರೆಯಾಯಿತು. ಅಮ್ಮನನ್ನೂ ಕೂರಿಸಿಕೊಂಡು ಪಶುವೈದ್ಯರ ಹತ್ತಿರ ಹೋದೆವು, ನಾಯಿ ಇಲ್ಲದೆ. ಅವರು ನಗಲಿಲ್ಲ, ಕೂತು ವಿವರಿಸಿದರು. ಮರಿಯನ್ನು ಎಂಟು ವಾರವಾದರೂ ತಾಯಿಯ ಹತ್ತಿರ ಬಿಡಬೇಕು. ತಂದ ಮೇಲೆ ಎರಡು ಮೂರು ಗಂಟೆಗೊಮ್ಮೆ ಉಚ್ಚೆಗೆ ಹೊರಗೆ ಬಿಡಬೇಕು, ರಾತ್ರಿಯೂ ಏಳಬೇಕು. ಡಿಸ್ಟೆಂಪರ್, ಪಾರ್ವೊ ಕಾಯಿಲೆಗಳ ಲಸಿಕೆ ಮೊದಲು, ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವರ್ಷ ವರ್ಷವೂ. ಮನೆ ನಾಯಿಗೇಕೆ ರೇಬಿಸ್ ಲಸಿಕೆ ಎಂದು ಕೇಳುವವರು ಈಗಲೂ ಇದ್ದಾರಂತೆ. ತಿನ್ನಿಸಬಾರದ್ದರ ಪಟ್ಟಿಯಲ್ಲಿ ಚಾಕೊಲೇಟು, ದ್ರಾಕ್ಷಿ, ಈರುಳ್ಳಿ. ಈರುಳ್ಳಿ ಎಂದಾಗ ಅಮ್ಮನಿಗೆ ನಾಯಿಯ ಮೇಲೆ ಗೌರವ ಸ್ವಲ್ಪ ಹೆಚ್ಚಿತು. ಅವರೂ ತಿನ್ನುವುದಿಲ್ಲ.

ಬರುವಾಗ ಕಾರಿನಲ್ಲಿ ಅಮ್ಮ ತೀರ್ಪು ಕೊಟ್ಟರು. ಮರಿ ಬೇಡ. “ಅದು ಕಾಲಿಗೆ ಸಿಕ್ಕಿ ನಾನು ಬಿದ್ದು ಸೊಂಟ ಮುರಿದ್ರೆ, ಆಮೇಲೆ ಇಬ್ಬರನ್ನೂ ನೀವೇ ಎತ್ತಿ ಹೊರಗೆ ಕರ್ಕೊಂಡು ಹೋಗ್ಬೇಕು.” ಬೆಳೆದ ನಾಯಿ, ನಮ್ಮ ಬೀದಿಯ ಜಾತಿಯದೇ ಆಗಲಿ, ಯಾರಾದರೂ ಬಿಟ್ಟು ಹೋದದ್ದಾದರೂ ಆಗಬಹುದು. ಅದು ಎಷ್ಟು ಎತ್ತರ, ಎಂಥ ಸ್ವಭಾವ ಎಂದು ನೋಡಿಯೇ ತಿಳಿಯುತ್ತದೆ, ಬೆಳೆದ ಮೇಲೆ ಹೇಗಾಗುತ್ತದೋ ಎಂಬ ಅಂಜಿಕೆ ಇಲ್ಲ. ಹಬ್ಬಕ್ಕೆ ಊರಿಗೆ ಹೋದರೆ ಅದೂ ಬರಬೇಕು, ಇಲ್ಲವಾದರೆ ತಾನು ಮನೆಯಲ್ಲೇ ಉಳಿಯುತ್ತೇನೆ ಎಂದರು. ಬೆಳಗಿನ ಆರು ಗಂಟೆ ನನ್ನ ಪಾಲಿಗೆ, ಸಂಜೆ ಮಗಳ ಪಾಲಿಗೆ. ಹೆಂಡತಿ ಇದನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆಸಿ ನನ್ನ ಸಹಿ ಹಾಕಿಸಿಕೊಂಡಿದ್ದಾಳೆ. ಕೂದಲು ಗುಡಿಸುವವರ ಹೆಸರಿನ ಕೆಳಗೆ ಎರಡು ಸಲ ಗೆರೆ ಎಳೆದಿದ್ದಾಳೆ. ಅಲ್ಲಿರುವುದೂ ನನ್ನ ಹೆಸರೇ.

ಈ ಭಾನುವಾರ, ಬೀದಿಯಲ್ಲಿ ಸಿಕ್ಕ ನಾಯಿಗಳನ್ನು ಇಟ್ಟು ನೋಡಿಕೊಳ್ಳುವ ಒಂದು ಜಾಗಕ್ಕೆ ಹೋಗುತ್ತಿದ್ದೇವೆ. ನೋಡಿ ಬರುವುದಕ್ಕೆ ಮಾತ್ರ. ಚೈನು, ತಟ್ಟೆ ಏನನ್ನೂ ಕೊಂಡಿಲ್ಲ. ಅಮ್ಮನೂ ಬರುತ್ತಾರೆ, ಮುಂದಿನ ಸೀಟು ಅವರಿಗೆ.