ವೈರುಗಳನ್ನು ಎಲ್ಲಿ ಬಚ್ಚಿಡೋಣ?



ಊರಿನಿಂದ ನೆಂಟರು ಬರುತ್ತಾರೆ ಅಂದ ಕೂಡಲೇ ಮುಂಬಯಿಯ ಮನೆಗಳಲ್ಲಿ ನಡೆಯುವ ಒಂದು ಕೆಲಸ ನಿಮಗೂ ಗೊತ್ತಿದೆ. ಟಿ.ವಿ. ಹಿಂದಿನ ವೈರುಗಳ ಗೋಜಲನ್ನು ಕಾಲಿನಿಂದ ಸೋಫಾದ ಅಡಿಗೆ ತಳ್ಳುವುದು! ಏನು ಮಾಡೋಣ ಹೇಳಿ, ಖೋಲಿ ಇರುವುದೇ ಹತ್ತಡಿ, ಗೋಡೆಯಲ್ಲಿ ಪ್ಲಗ್ಗು ಇರುವುದು ಎರಡು. ಟಿ.ವಿ., ಸೆಟ್‌ಟಾಪ್ ಬಾಕ್ಸ್, ಇಂಟರ್ನೆಟ್ಟಿನ ಪೆಟ್ಟಿಗೆ, ಮೊಬೈಲ್ ಚಾರ್ಜರು ಎಲ್ಲವೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಜೋತುಬೀಳುತ್ತವೆ. ಮುಚ್ಚಿಡಬಾರದು ಅಂತ ನಾನು ಹೇಳುವುದಿಲ್ಲ. ಕಣ್ಣಿಗೆ ಕಾಣದ ಹಾಗೆ ಇಡಿ, ಆದರೆ ಕೈಗೆ ಸಿಗುವ ಹಾಗೆ ಇಡಿ. ಇವತ್ತಿನ ಮಾತೆಲ್ಲ ಇದರ ಮೇಲೆಯೇ.

ಗಿರ್‌ಗಾಂವ್, ಪರೇಲ್, ಲಾಲ್‌ಬಾಗ್‌ಗಳ ಹಳೆಯ ಚಾಳುಗಳಲ್ಲಿ ಇದ್ದವರಿಗೆ ಮರದ ಪಟ್ಟಿಯ ವೈರಿಂಗ್ ನೆನಪಿರಬಹುದು. ಗೋಡೆಯ ಮೇಲೆ ಉದ್ದಕ್ಕೆ ಮರದ ಪಟ್ಟಿ, ಅದರಲ್ಲಿ ಎರಡು ಗಾಡಿ, ಗಾಡಿಯೊಳಗೆ ವೈರು, ಮೇಲೊಂದು ಮುಚ್ಚಳ. ಬಣ್ಣ ಬಳಿದು ಬಳಿದು ಅದು ಗೋಡೆಯಷ್ಟೇ ಹಳತಾಗಿ ಕಾಣುತ್ತಿತ್ತು. ಚಂದವೇನೂ ಇರಲಿಲ್ಲ. ಆದರೆ ದೀಪ ಹೋದರೆ ಇಲೆಕ್ಟ್ರಿಷಿಯನ್ ಸ್ಟೂಲು ಹತ್ತಿ, ಮುಚ್ಚಳದ ಸ್ಕ್ರೂ ಬಿಚ್ಚಿ, ವೈರು ಎಲ್ಲಿ ಸುಟ್ಟಿದೆ ಅಂತ ಕಣ್ಣಾರೆ ನೋಡಿಬಿಡುತ್ತಿದ್ದ. ಆಮೇಲೆ ಓನರ್‌ಶಿಪ್ ಫ್ಲ್ಯಾಟುಗಳು ಬಂದವು. ವೈರು ಪೈಪಿನೊಳಗೆ, ಪೈಪು ಗೋಡೆಯೊಳಗೆ, ಮೇಲೆ ಪ್ಲಾಸ್ಟರು. ನೋಡಲು ನುಣುಪು. ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಮಾತ್ರ ದೇವರಿಗೇ ಗೊತ್ತು.

ನನ್ನ ಅನುಭವ ಕೇಳಿ. ಗಡಿಯಾರ ತೂಗುಹಾಕಬೇಕಂತ ಸ್ವಿಚ್‌ಬೋರ್ಡಿನ ನೇರ ಮೇಲೆ ಡ್ರಿಲ್ ಇಟ್ಟೆ. ಫಟ್ ಅಂತ ಕಿಡಿ, ಮನೆಯೆಲ್ಲ ಕತ್ತಲೆ. ಡ್ರಿಲ್ಲಿನ ಮೈ ಪ್ಲಾಸ್ಟಿಕ್ಕಿನದಾದ್ದರಿಂದ ಇವತ್ತು ನಿಮ್ಮೆದುರು ಮಾತಾಡುತ್ತಿದ್ದೇನೆ. ಒಂದು ಮೊಳೆ ಹೊಡೆಯಲು ಹೋಗಿ ಗೋಡೆ ಒಡೆಸಿ ಹೊಸ ವೈರು ಎಳೆಸಬೇಕಾಯಿತು. ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ಅದರ ಎಡಬಲದ ಸಾಲಿನಲ್ಲಿ ಮೊಳೆ ಹೊಡೆಯಬೇಡಿ. ಪೈಪು ಸಾಮಾನ್ಯವಾಗಿ ಹೋಗುವುದೇ ಆ ದಾರಿಗಳಲ್ಲಿ. ಮನೆ ರಿಪೇರಿ ಮಾಡಿಸುವವರು ಪ್ಲಾಸ್ಟರ್ ಬಳಿಯುವ ಮೊದಲು ಪ್ರತಿ ಗೋಡೆಯ ಒಂದೊಂದು ಫೋಟೊ ತೆಗೆದಿಟ್ಟುಕೊಳ್ಳಿ. ಖರ್ಚಿಲ್ಲದ ನಕ್ಷೆ ಅದು.

ಗೋಡೆ ಒಡೆಸಲು ಮನಸ್ಸಿಲ್ಲದವರಿಗೆ, ಬಾಡಿಗೆ ಮನೆಯವರಿಗೆ, ಆ ಹಳೆಯ ಮರದ ಪಟ್ಟಿಯೇ ಈಗ ಪ್ಲಾಸ್ಟಿಕ್ ರೂಪದಲ್ಲಿ ಬಂದಿದೆ. ಕೇಸಿಂಗ್ ಪಟ್ಟಿ ಅಂತ ಕೇಳಿ, ಲೋಹಾರ್ ಚಾಳಿನ ಇಲೆಕ್ಟ್ರಿಕ್ ಅಂಗಡಿಗಳಲ್ಲಿ ಬೇಕಾದ ಅಗಲದ್ದು ಸಿಗುತ್ತದೆ. ಗೋಡೆ ಮತ್ತು ನೆಲ ಸೇರುವ ಮೂಲೆಯಲ್ಲಿ ಕೂರಿಸಿದರೆ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ನೆಲಮಹಡಿಯವರು ಬೋರ್ಡನ್ನೂ ಪಟ್ಟಿಯನ್ನೂ ಮೇಲಕ್ಕೇ ಇಡುವುದು ಲೇಸು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತಲ್ಲ, ಕುರ್ಲಾದ ನಮ್ಮ ಪರಿಚಯದವರ ಮನೆಯಲ್ಲಿ ನೀರು ಮೊದಲು ಮುಟ್ಟಿದ್ದು ನೆಲದ ಹತ್ತಿರದ ಪ್ಲಗ್ಗನ್ನೇ. ಈಗ ಅವರ ಮನೆಯ ಪ್ಲಗ್ಗುಗಳೆಲ್ಲ ಎದೆಮಟ್ಟದಲ್ಲಿವೆ.

ಇನ್ನು ಆ ಸೋಫಾದ ಅಡಿಯ ಬೋರ್ಡು. ಆರು ಆಂಪಿಯರಿನದಾದರೆ, ನಮ್ಮ 230 ವೋಲ್ಟಿನ ಲೆಕ್ಕದಲ್ಲಿ ಅದು ಹೊರುವುದು ಸುಮಾರು 1,380 ವ್ಯಾಟ್. ಟಿ.ವಿ.ಗೂ ಚಾರ್ಜರಿಗೂ ಧಾರಾಳವಾಯಿತು. ಅದಕ್ಕೇ ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯನ್ನೂ ಐನೂರು ವ್ಯಾಟಿನ ಮಿಕ್ಸರನ್ನೂ ಒಟ್ಟಿಗೆ ಹಾಕಿದಿರೋ, ಲೆಕ್ಕ ತಪ್ಪಿತು. ಗೀಸರ್, ಏ.ಸಿ.ಗಳನ್ನಂತೂ ಇದಕ್ಕೆ ಹಾಕಲೇಬೇಡಿ. ಉಳಿದ ವೈರನ್ನು ಸುರುಳಿ ಸುತ್ತಿ ರಬ್ಬರ್ ಹಾಕಿ, ಮೇಲೆ ಚಾಪೆ ಮುಚ್ಚುತ್ತೇವೆ ನೋಡಿ, ಅದು ಇನ್ನೂ ಕೆಟ್ಟದ್ದು. ವಿದ್ಯುತ್ ಹರಿಯುವ ವೈರಿಗೆ ಕಾವು ಇದ್ದೇ ಇರುತ್ತದೆ. ಸುರುಳಿಯೊಳಗೆ, ಚಾಪೆಯ ಕೆಳಗೆ ಆ ಕಾವಿಗೆ ಹೊರಹೋಗಲು ದಾರಿ ಇಲ್ಲ. ಮೇಲಿನ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಒಂದು ದಿನ ಹೊಗೆ ಬರುತ್ತದೆ. ಉದ್ದದ ವೈರನ್ನು ಸುತ್ತಿಡುವ ಬದಲು ಬೇಕಾದಷ್ಟೇ ಉದ್ದದ್ದನ್ನು ತನ್ನಿ.

ಆಫೀಸುಗಳದ್ದು ಬೇರೆ ಕತೆ. ಕಾರ್ಪೆಟ್ಟಿನ ಅಡಿ ವೈರು, ವೈರಿನ ಮೇಲೆ ಗಾಲಿಕುರ್ಚಿ. ದಿನಕ್ಕೆ ನೂರು ಸಲ ಉರುಳಿದರೆ ಯಾವ ವೈರು ತಾಳೀತು? ಮೇಜಿನ ಅಡಿಯಲ್ಲೇ ಒಂದು ತಟ್ಟೆ ಕಟ್ಟಿಸಿ ಅದರಲ್ಲಿ ಮಲಗಿಸಿ. ಕರೆಂಟಿನ ವೈರನ್ನೂ ಫೋನು, ಕಂಪ್ಯೂಟರ್ ವೈರುಗಳನ್ನೂ ಒಂದೇ ಕಟ್ಟಾಗಿ ಬಿಗಿಯಬೇಡಿ. ಇದು ನಮ್ಮಂಥ ಸ್ಟುಡಿಯೊದವರಿಗೆ ಬೇಗ ತಿಳಿಯುವ ಪಾಠ. ಮೈಕಿನ ವೈರು ಕರೆಂಟಿನ ವೈರಿನ ಮಗ್ಗುಲಲ್ಲೇ ಸಾಗಿದರೆ ನನ್ನ ದನಿಯ ಹಿಂದೆ ಗುಂಯ್ ಅನ್ನುವ ಸದ್ದು ನಿಮ್ಮ ರೇಡಿಯೊಕ್ಕೂ ಬಂದುಬಿಡಬಹುದು. ದಾಟಲೇಬೇಕಾದರೆ ಅಡ್ಡಕ್ಕೆ ದಾಟಿಸುತ್ತೇವೆ. ಪ್ರತಿ ವೈರಿನ ಎರಡೂ ತುದಿಗೆ ಚೀಟಿ ಅಂಟಿಸುತ್ತೇವೆ. ಮನೆಯಲ್ಲೂ ಇಷ್ಟು ಮಾಡಿದರೆ ರೂಟರ್ ತೆಗೆಯಲು ಹೋಗಿ ಫ್ರಿಜ್ಜಿನ ಪ್ಲಗ್ ಕೀಳುವುದು ತಪ್ಪುತ್ತದೆ.

ಮಳೆಗಾಲದಲ್ಲಿ ಸ್ವಿಚ್ಚು ಮುಟ್ಟಿದಾಗ ಕೈ ಜುಮ್ ಅಂದರೆ ಗೋಡೆ ಸೋರುತ್ತಿದೆ ಅಂತ ಅನುಮಾನಿಸಿ. ಮತ್ತೆ ಆ ಸ್ವಿಚ್ಚು ಮುಟ್ಟದೆ, ಮೇನ್ ಆಫ್ ಮಾಡಿ, ಲೈಸನ್ಸ್ ಇರುವ ಇಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ಅವನು ಬಂದಾಗಲೇ ಮೇನ್ ಹತ್ತಿರ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇದೆಯೇ ಕೇಳಿ. ಕರೆಂಟು ಸೋರಿದರೆ ಕ್ಷಣದಲ್ಲಿ ಕಡಿದುಹಾಕುವ ಸಾಧನ ಅದು. ಮೇಲೊಂದು ಪರೀಕ್ಷೆಯ ಗುಂಡಿ ಇರುತ್ತದೆ, ಒತ್ತಿದರೆ ಕರೆಂಟು ಹೋಗಬೇಕು. ಹೋಗದಿದ್ದರೆ ಅವನನ್ನು ಹಾಗೇ ಕಳಿಸಬೇಡಿ, ಅದನ್ನು ಬದಲಾಯಿಸಿಯೇ ಕಳಿಸಿ.